ಹೊಲದ ಸಾಲ, ಪೇಟೆಯ ಬೇಸರ: ಅಮೆರಿಕದ ಗ್ರಾಮಾಂತರ ಕಥನವನ್ನು ಕುರಿತು

ಅಮೆರಿಕದ ಸಂಯುಕ್ತ ಸಂಸ್ಥಾನಗಳ ರಾಜಕಾರಣವನ್ನು ದೂರದಿಂದ ನೋಡುವವರಿಗೂ ಇಂದು ಒಂದು ಸಂಗತಿ ಸ್ಪಷ್ಟವಾಗಿದೆ. ಆ ದೇಶದ ಮಹಾನಗರಗಳು ಒಂದು ಪಕ್ಷದ ಕಡೆಗೂ ಗ್ರಾಮಾಂತರ ಪ್ರದೇಶಗಳು ಇನ್ನೊಂದು ಪಕ್ಷದ ಕಡೆಗೂ ವಾಲಿವೆ. 2016ರ ಚುನಾವಣೆಯಲ್ಲಿ ಡೊನಾಲ್ಡ್ ಟ್ರಂಪ್ ಅಧ್ಯಕ್ಷರಾಗಿ ಆಯ್ಕೆಯಾದಾಗ ನಗರದ ವಿದ್ಯಾವಂತ ವರ್ಗ ಬೆಚ್ಚಿಬಿದ್ದಿತು. ತಮ್ಮ ದೇಶದ ಅರ್ಧಭಾಗವೇ ತಮಗೆ ತಿಳಿಯದೆಂದು ಹೇಳಿಕೊಂಡು ಪುಸ್ತಕದ ಅಂಗಡಿಗಳಿಗೆ ನಡೆಯಿತು. ಅಲ್ಲಿ ಅವರ ಕೈಗೆ ಸಿಕ್ಕಿದ ಪುಸ್ತಕಗಳಲ್ಲಿ ಮುಖ್ಯವಾದುದು ಅದೇ ವರ್ಷ ಪ್ರಕಟವಾಗಿದ್ದ ಜೆ. ಡಿ. ವ್ಯಾನ್ಸ್ ಅವರ ಆತ್ಮಕಥನ ‘ಹಿಲ್‌ಬಿಲಿ ಎಲಿಜಿ’. ಗುಡ್ಡಗಾಡಿನವರ ಶೋಕಗೀತೆ ಎಂದು ಅದರ ಹೆಸರಿನ ಅರ್ಥ. ಆ ಶೋಕಗೀತೆಯನ್ನು ಬರೆದವರು 2025ರ ಜನವರಿಯಲ್ಲಿ ದೇಶದ ಉಪಾಧ್ಯಕ್ಷ ಪದವಿಯನ್ನೇರಿದರು.

ಒಂದು ದೇಶದ ಸಾಹಿತ್ಯ ತನ್ನ ಹಳ್ಳಿಯ ವಿಷಯದಲ್ಲಿ ಮೂಕವಾಗಿದ್ದರೆ ಇಂಥ ಅಜ್ಞಾನವನ್ನು ಸಹಜವೆನ್ನಬಹುದಿತ್ತು. ಅಮೆರಿಕದ ಸಾಹಿತ್ಯ ಮೂಕವಾಗಿರಲಿಲ್ಲ. ಹ್ಯಾಮ್ಲಿನ್ ಗಾರ್ಲಂಡ್, ವಿಲ ಕ್ಯಾಥರ್, ಷರ್ವುಡ್ ಆಂಡರ್ಸನ್, ಸಿಂಕ್ಲೇರ್ ಲೂಯಿಸ್, ಜಾನ್ ಸ್ಟೈನ್‌ಬೆಕ್ ಮೊದಲಾದವರು ಬಯಲು ಸೀಮೆಯ ಬದುಕನ್ನು ಬರೆದು ಜಗತ್ತಿನ ಮುಂದಿಟ್ಟಿದ್ದರು; ಅವರಲ್ಲಿ ಇಬ್ಬರಿಗೆ ನೊಬೆಲ್ ಪಾರಿತೋಷಕವೂ ಸಂದಿತ್ತು. ಒಂದೂಕಾಲು ಶತಮಾನ ಹಳ್ಳಿಯನ್ನು ಓದಿದ ನಗರಕ್ಕೆ ಹಳ್ಳಿ ತಿಳಿಯದೆ ಹೋದುದು ಹೇಗೆ?

ಉತ್ತರ ಆ ಸಾಹಿತ್ಯದೊಳಗೇ ಇದೆ. 1890ರ ಸುಮಾರಿನಲ್ಲಿ ಅಲ್ಲಿಯ ಗ್ರಾಮಾಂತರ ಕಥನದ ಕೈಯಲ್ಲಿ ಒಂದು ಲೆಕ್ಕದ ಪುಸ್ತಕವಿತ್ತು. ಎಷ್ಟು ಎಕರೆ, ಎಷ್ಟು ಅಸಲು, ಎಷ್ಟು ಬಡ್ಡಿ, ಯಾರ ಹೆಸರಿಗೆ ಪತ್ರ ಎಂಬುದನ್ನು ಅದು ಹೇಳುತ್ತಿತ್ತು. 1920ರ ವೇಳೆಗೆ ಆ ಪುಸ್ತಕವನ್ನು ಮುಚ್ಚಿ ಬದಿಗಿಟ್ಟು, ಅಲ್ಲಿಯ ಜನ ಎಂಥ ಮನೆ ಕಟ್ಟುತ್ತಾರೆ, ಏನು ಓದುತ್ತಾರೆ, ಹೇಗೆ ಮಾತನಾಡುತ್ತಾರೆ ಎಂಬ ಅಭಿರುಚಿಯ ಪ್ರಶ್ನೆಯನ್ನು ಕಾದಂಬರಿ ಕೈಗೆತ್ತಿಕೊಂಡಿತು. ಅಥವಾ ಕಾದಂಬರಿಯಲ್ಲಿ ಅದೊಂದನ್ನೇ ವಾಚಕರು ಓದಿದರು. ಸಾಲಗಾರನಾಗಿ ಕಂಡಿದ್ದ ಹಳ್ಳಿಗನು ಅಭಿರುಚಿಹೀನನಾಗಿ ಕಾಣತೊಡಗಿದನು. ಇಂದಿನ ಬಿರುಕಿನ ಸಾಹಿತ್ಯಚರಿತ್ರೆ ಈ ಬದಲಾವಣೆಯ ಚರಿತ್ರೆಯೇ ಆಗಿದೆ.

ಮುಂದುವರಿಯುವ ಮೊದಲು ಒಂದು ಶಬ್ದದ ತೊಡಕನ್ನು ಬಿಡಿಸಬೇಕು. ಕನ್ನಡ ವಾಚಕರು ‘ಹಳ್ಳಿ’ ಎಂದೊಡನೆ ಒಂದು ಕೆರೆ, ಒಂದು ಗುಡಿ, ಒತ್ತಾಗಿ ನಿಂತ ಮನೆಗಳು, ಸುತ್ತಲೂ ಹೊಲಗದ್ದೆಗಳನ್ನು ಕಲ್ಪಿಸಿಕೊಳ್ಳುತ್ತಾರೆ. ಅಮೆರಿಕದ ಮಧ್ಯಪಶ್ಚಿಮದ ಬಯಲಿನಲ್ಲಿ ಅಂಥ ಹಳ್ಳಿಯಿಲ್ಲ. 1862ರ ಹೋಮ್‌ಸ್ಟೆಡ್ ಕಾಯಿದೆಯು ಐದು ವರ್ಷ ನೆಲಸಿ ಸಾಗುವಳಿ ಮಾಡಿದವನಿಗೆ 160 ಎಕರೆ ಭೂಮಿಯನ್ನು ಕೊಟ್ಟಿತು. ಚದುರಂಗದ ಮಣೆಯಂತೆ ಚೌಕಚೌಕವಾಗಿ ಅಳೆದ ಆ ಭೂಮಿಯಲ್ಲಿ ಪ್ರತಿಯೊಬ್ಬ ರೈತನೂ ತನ್ನ ಹೊಲದ ನಡುವೆ ಒಂಟಿ ಮನೆಯಲ್ಲಿರುತ್ತಾನೆ. ರೈಲ್ವೆ ನಿಲ್ದಾಣದ ಬಳಿ ಒಂದು ಪೇಟೆ ಬೆಳೆಯುತ್ತದೆ. ದಿನಸಿ ಅಂಗಡಿ, ಧಾನ್ಯದ ಕಣಜ, ಬ್ಯಾಂಕು, ಚರ್ಚು, ವಕೀಲ, ವೈದ್ಯ ಎಲ್ಲರೂ ಅಲ್ಲಿ. ರೈತ ಮಾರಲು, ಕೊಳ್ಳಲು, ಸಾಲ ಮಾಡಲು ಅಲ್ಲಿಗೆ ಬರುತ್ತಾನೆ. ಅಮೆರಿಕದ ವಿಮರ್ಶಕರು ‘ಹಳ್ಳಿಯ ವಿರುದ್ಧ ಬಂಡಾಯ’ ಎಂದು ಕರೆದ ಸಾಹಿತ್ಯವು (ಕಾರ್ಲ್ ವ್ಯಾನ್ ಡೋರನ್ 1921ರಲ್ಲಿ ಆ ಹೆಸರನ್ನಿಟ್ಟರು) ನಿಜವಾಗಿ ಹಳ್ಳಿಯ ವಿರುದ್ಧ ಎದ್ದುದಲ್ಲ, ಪೇಟೆಯ ವಿರುದ್ಧ ಎದ್ದುದು. ಹೊಲದಲ್ಲಿರುವವನು ಆ ಜಗಳದಲ್ಲಿ ವಾದಿಯೂ ಅಲ್ಲ, ಪ್ರತಿವಾದಿಯೂ ಅಲ್ಲ.

ಗಾರ್ಲಂಡ್ 1860ರಲ್ಲಿ ವಿಸ್ಕಾನ್ಸಿನ್ನಿನಲ್ಲಿ ಹುಟ್ಟಿ, ಅಯೋವ ಮತ್ತು ಡಕೋಟಗಳಲ್ಲಿ ಹೊಲದ ದುಡಿಮೆಯನ್ನು ಕಂಡು, 1884ರಲ್ಲಿ ಬಾಸ್ಟನ್ನಿಗೆ ಹೋದವರು. ಅವರ ಕಥಾಸಂಗ್ರಹ ‘ಮೇನ್ ಟ್ರ್ಯಾವೆಲ್ಡ್ ರೋಡ್ಸ್’ 1891ರಲ್ಲಿ ಪ್ರಕಟವಾಯಿತು. ಅದರಲ್ಲಿಯ ‘ಅಂಡರ್ ದ ಲಯನ್ಸ್ ಪಾ’ (ಸಿಂಹದ ಪಂಜದಡಿ) ಎಂಬ ಕಥೆಯನ್ನು ಅವರು ರಾಜಕೀಯ ಸಭೆಗಳಲ್ಲಿ ಓದುತ್ತಿದ್ದರು. ಕಥೆ ಸರಳ. ಕ್ಯಾನ್ಸಸ್ಸಿನಲ್ಲಿ ಮಿಡತೆಗಳಿಗೆ ಬೆಳೆಯನ್ನು ತೆತ್ತು ಬಂದ ಹ್ಯಾಸ್ಕಿನ್ಸ್ ಎಂಬ ರೈತ, ಬಟ್ಲರ್ ಎಂಬ ಮಾಜಿ ದಿನಸಿ ವ್ಯಾಪಾರಿಯ ಪಾಳುಬಿದ್ದ ಹೊಲವನ್ನು ಮೂರು ವರ್ಷದ ಗೇಣಿಗೆ ಹಿಡಿಯುತ್ತಾನೆ. ಆಗ ಹೊಲದ ಬೆಲೆ 2,500 ಡಾಲರ್. ಗೇಣಿ ವರ್ಷಕ್ಕೆ 250. ಮೂರು ವರ್ಷ ಗಂಡ ಹೆಂಡತಿ ಮಕ್ಕಳು ಮೈಮುರಿದು ದುಡಿದು ಬೇಲಿ ಹಾಕಿ, ಕೊಟ್ಟಿಗೆ ಕಟ್ಟಿ, ಹೊಲವನ್ನು ಹಸನು ಮಾಡುತ್ತಾರೆ. ಕೊಳ್ಳುತ್ತೇನೆಂದು ಹೋದಾಗ ಬಟ್ಲರ್ ಹೇಳುವ ಬೆಲೆ 5,500 ಡಾಲರ್. ಹೆಚ್ಚಿನ ಮೂರು ಸಾವಿರ ಹ್ಯಾಸ್ಕಿನ್ಸನ ಬೆವರಿಗೆ ಹ್ಯಾಸ್ಕಿನ್ಸನೇ ತೆರಬೇಕಾದ ಬೆಲೆ. ರೈತ ಕವೆಗೋಲನ್ನು ಎತ್ತುತ್ತಾನೆ. ಅಂಗಳದಲ್ಲಿ ಆಡುತ್ತಿದ್ದ ತನ್ನ ಮಗು ಕಣ್ಣಿಗೆ ಬಿದ್ದು ಅದನ್ನು ಕೆಳಗೆ ಹಾಕುತ್ತಾನೆ.

ಈ ಕಥೆಯಲ್ಲಿ ಪ್ರಚಾರದ ದನಿ ಇದೆಯೆಂಬ ಆಕ್ಷೇಪ ಹಳೆಯದು. ಇರಬಹುದು. ಆದರೆ ಬಟ್ಲರ್ ರಾಕ್ಷಸನಲ್ಲ ಎಂಬುದನ್ನು ಆಕ್ಷೇಪಿಸುವವರು ಗಮನಿಸುವುದಿಲ್ಲ. ಅವನು ಕಾಯಿದೆಯನ್ನು ಮುರಿಯುವುದಿಲ್ಲ, ಸುಳ್ಳು ಹೇಳುವುದಿಲ್ಲ. ಎಲ್ಲರೂ ಮಾಡುವುದನ್ನೇ ತಾನೂ ಮಾಡುತ್ತಿದ್ದೇನೆಂದು ನಂಬಿದ್ದಾನೆ. ಅವನಿಗೆ ಹೆಸರಿದೆ, ಮುಖವಿದೆ, ಪೇಟೆಯಲ್ಲಿ ಕುಳಿತುಕೊಳ್ಳುವ ಜಾಗವಿದೆ. ಸಾಲದ ಸಂಬಂಧದಲ್ಲಿ ಎರಡು ಕಡೆಯವರೂ ಒಬ್ಬರನ್ನೊಬ್ಬರು ನೋಡಬಲ್ಲ ಕಾಲದ ಕಥೆ ಇದು.

ಅದೇ ಸಂಗ್ರಹದ ‘ಅಪ್ ದ ಕೂಲೀ’ ಎಂಬ ದೀರ್ಘ ಕಥೆ ಇದಕ್ಕಿಂತ ಸೂಕ್ಷ್ಮವಾದುದು. ಇಡೀ ವಿಷಯದ ಬೀಜ ಅದರಲ್ಲಿದೆಯೆಂದರೂ ಸಲ್ಲುತ್ತದೆ. ಕೂಲೀ ಎಂದರೆ ವಿಸ್ಕಾನ್ಸಿನ್ ಕಡೆಯ ಮಾತಿನಲ್ಲಿ ಕಿರುಕಣಿವೆ. ಪೂರ್ವದ ನಗರದಲ್ಲಿ ನಟನಾಗಿ ಹೆಸರು ಗಳಿಸಿದ ಹೋವರ್ಡ್ ಮೆಕ್ಲೇನ್ ಎಷ್ಟೋ ವರ್ಷಗಳ ಮೇಲೆ ತಾಯಿಯನ್ನೂ ತಮ್ಮನನ್ನೂ ನೋಡಲು ಊರಿಗೆ ಬರುತ್ತಾನೆ. ತಾನು ಹುಟ್ಟಿದ ಮನೆಯಲ್ಲಿ ಬೇರೆಯವರಿದ್ದಾರೆ. ಅಡಮಾನದ ಹಣ ಕಟ್ಟಲಾಗದೆ ಹೊಲ ಮನೆಗಳು ಕೈಬಿಟ್ಟಿವೆ. ತಮ್ಮ ಗ್ರಾಂಟ್ ಇನ್ನೊಂದು ಕಡೆ, ಕೆಟ್ಟ ನೆಲದಲ್ಲಿ ಕೆಸರು ತುಳಿಯುತ್ತಿದ್ದಾನೆ. ಅಣ್ಣ ಸಕಾಲದಲ್ಲಿ ಒಂದಿಷ್ಟು ಹಣ ಕಳಿಸಿದ್ದರೆ ಹೊಲ ಉಳಿಯುತ್ತಿತ್ತು. ಕಳಿಸಲಿಲ್ಲ, ದ್ವೇಷದಿಂದಲ್ಲ, ಮರೆವಿನಿಂದ. ಬಂದವನ ಮೈಮೇಲೆ ಒಳ್ಳೆಯ ಬಟ್ಟೆ, ಕೈಯಲ್ಲಿ ಮನೆಯವರಿಗೆಲ್ಲ ಉಡುಗೊರೆಗಳು. ತಮ್ಮ ಸಿಡುಕುವುದು ಆ ಬಟ್ಟೆಯನ್ನು ಕಂಡು. ಕೊನೆಗೆ ಅಣ್ಣ ಪಶ್ಚಾತ್ತಾಪದಿಂದ, ಹಳೆಯ ಹೊಲವನ್ನು ಬಿಡಿಸಿಕೊಡುತ್ತೇನೆ ಎನ್ನುತ್ತಾನೆ. ಗ್ರಾಂಟ್ ಒಪ್ಪುವುದಿಲ್ಲ, ಈಗ ಹೊತ್ತು ಮೀರಿತು ಎಂಬುದು ಅವನ ಉತ್ತರ. ಇಬ್ಬರೂ ಕೈಹಿಡಿದು ನಿಂತಲ್ಲಿ ಕಥೆ ನಿಲ್ಲುತ್ತದೆ.

ಇಲ್ಲಿ ಹಣವೂ ಮಾನವೂ ಬೇರೆ ಬೇರೆ ಖಾತೆಗಳಲ್ಲ. ಅಣ್ಣನ ಬಟ್ಟೆ ತಮ್ಮನಿಗೆ ಚುಚ್ಚುವುದು ಅದರ ಚೆಲುವಿನಿಂದಲ್ಲ; ಆ ಬಟ್ಟೆಯ ಬೆಲೆಯಲ್ಲಿ ಎಷ್ಟು ಕಂತು ಬಡ್ಡಿ ತೀರುತ್ತಿತ್ತೆಂಬುದು ಅವನಿಗೆ ಗೊತ್ತು. ಅಣ್ಣನಿಗೆ ಅದು ಸಜ್ಜನಿಕೆಯ ಉಡುಪು, ತಮ್ಮನಿಗೆ ಸಲ್ಲದ ಬಾಕಿ. ನಗರ ಮತ್ತು ಗ್ರಾಮಾಂತರಗಳು ಒಂದೇ ವಸ್ತುವನ್ನು ಎರಡು ಭಾಷೆಗಳಲ್ಲಿ ಓದುವ ಈ ಸನ್ನಿವೇಶಕ್ಕೆ ಗಾರ್ಲಂಡರ ನಂತರ ಇಷ್ಟು ನಿಖರವಾದ ರೂಪ ಬಹುಕಾಲ ದೊರೆಯಲಿಲ್ಲ.

ಗಾರ್ಲಂಡ್ ಬರೆಯುತ್ತಿದ್ದ ಕಾಲದಲ್ಲಿ ರಾಜಕಾರಣವೂ ಇದೇ ಲೆಕ್ಕವನ್ನು ಮಾಡುತ್ತಿತ್ತು. ಚಿನ್ನದ ಆಧಾರದ ನಾಣ್ಯಪದ್ಧತಿಯಲ್ಲಿ ಬೆಲೆಗಳು ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದವು. ಗೋದಿಯ ಬೆಲೆ ಅರ್ಧಕ್ಕಿಳಿದರೆ ರೈತನ ಪಾಲಿಗೆ ಸಾಲ ದುಪ್ಪಟ್ಟಾದಂತೆ. ಪತ್ರದಲ್ಲಿರುವ ಅಂಕಿ ಒಂದೂ ಬದಲಾಗಿರುವುದಿಲ್ಲ, ಅದನ್ನು ತೀರಿಸಲು ಬೆಳೆಯಬೇಕಾದ ಮೂಟೆಗಳು ಮಾತ್ರ ಎರಡರಷ್ಟಾಗಿರುತ್ತವೆ. ಬೆಳ್ಳಿಯನ್ನೂ ನಾಣ್ಯವಾಗಿ ಟಂಕಿಸಬೇಕೆಂಬ ಬೇಡಿಕೆಯ ಒಳತಿರುಳು ಇದು. 1896ರಲ್ಲಿ ನೆಬ್ರಾಸ್ಕದ ವಿಲಿಯಂ ಜೆನಿಂಗ್ಸ್ ಬ್ರಯಾನ್ ಈ ಬೇಡಿಕೆಯನ್ನು ಹಿಡಿದು ಡೆಮೊಕ್ರಾಟಿಕ್ ಪಕ್ಷದ ಅಭ್ಯರ್ಥಿಯಾಗಿ ನಿಂತರು, ಮೆಕಿನ್ಲಿಯವರಿಗೆ ಸೋತರು. ಇದೇ ಬ್ರಯಾನರು 1925ರಲ್ಲಿ ಟೆನೆಸಿಯ ಡೇಟನ್ ಪಟ್ಟಣದಲ್ಲಿ, ವಿಕಾಸವಾದವನ್ನು ಬೋಧಿಸಿದ ಉಪಾಧ್ಯಾಯನ ಮೊಕದ್ದಮೆಯಲ್ಲಿ ಸರ್ಕಾರದ ಪಕ್ಷದಲ್ಲಿ ನಿಂತು ನಗರದ ಪತ್ರಿಕೆಗಳ ನಗೆಪಾಟಲಿಗೆ ಗುರಿಯಾದರು. ಬಡ್ಡಿಯ ವಿಷಯ ಮಾತನಾಡಿದ ಬ್ರಯಾನರನ್ನು ನಗರ ಮರೆತಿತು. ಬೈಬಲ್ಲಿನ ವಿಷಯ ಮಾತನಾಡಿದ ಬ್ರಯಾನರನ್ನು ನೆನಪಿಟ್ಟುಕೊಂಡಿತು. ಆ ಇಪ್ಪತ್ತೊಂಬತ್ತು ವರ್ಷಗಳಲ್ಲಿ ಜಗಳದ ವಿಷಯವೇ ಬದಲಾಗಿತ್ತು.

ಆ ಬದಲಾವಣೆಯ ನಟ್ಟನಡುವೆ, 1920ರಲ್ಲಿ, ಸಿಂಕ್ಲೇರ್ ಲೂಯಿಸರ ‘ಮೇನ್ ಸ್ಟ್ರೀಟ್’ ಹೊರಬಂದಿತು. ಅದೇ ವರ್ಷದ ಜನಗಣತಿ ಅಮೆರಿಕದಲ್ಲಿ ನಗರವಾಸಿಗಳು ಮೊದಲ ಬಾರಿಗೆ ಬಹುಸಂಖ್ಯಾತರಾದರೆಂದು ಕಂಡುಕೊಂಡಿತು: ನೂರಕ್ಕೆ ಸುಮಾರು 51. ಆ ಲೆಕ್ಕದಲ್ಲಿ 2,500 ಜನರಿದ್ದ ಊರೂ ನಗರವೇ. ಲೂಯಿಸರ ಕಲ್ಪಿತ ಗೋಫರ್ ಪ್ರೇರಿಯಂಥ ಕೆಲವು ಸಾವಿರ ಜನರ ಊರುಗಳನ್ನು ಗಣತಿಯವರು ನಗರದ ಪಟ್ಟಿಗೆ ಸೇರಿಸುತ್ತಿದ್ದ ಕಾಲದಲ್ಲಿಯೇ ವಿಮರ್ಶಕರು ಅವನ್ನು ಹಳ್ಳಿಯ ಪಟ್ಟಿಗೆ ಸೇರಿಸಿದರು.

ಕಾದಂಬರಿಯ ನಾಯಿಕೆ ಕ್ಯಾರಲ್ ನಗರದಲ್ಲಿ ಓದಿ, ವೈದ್ಯನಾದ ಕೆನ್ನಿಕಾಟನನ್ನು ಮದುವೆಯಾಗಿ, ಮಿನ್ನೆಸೋಟದ ಈ ಪೇಟೆಗೆ ಬರುತ್ತಾಳೆ. ಒಂದೇ ಬೀದಿ, ಅಂದಗೆಟ್ಟ ಅಂಗಡಿಗಳು, ಚಾಡಿಮಾತು, ಸಂಶಯ. ಊರನ್ನು ಚೆಲುವಾಗಿಸಬೇಕೆಂಬ ಅವಳ ಯೋಜನೆಗಳು ಒಂದೊಂದಾಗಿ ಮುರಿದುಬೀಳುತ್ತವೆ. ಪುಸ್ತಕ ಅಪಾರವಾಗಿ ಮಾರಾಟವಾಯಿತು. ‘ಮೇನ್ ಸ್ಟ್ರೀಟ್’ ಎಂಬ ಮಾತೇ ಸಣ್ಣತನಕ್ಕೆ ಪರ್ಯಾಯವಾಯಿತು. ಹತ್ತು ವರ್ಷಗಳ ಮೇಲೆ ಲೂಯಿಸ್ ಸಾಹಿತ್ಯದ ನೊಬೆಲ್ ಪಡೆದ ಮೊದಲ ಅಮೆರಿಕನ್ನರಾದರು.

ಇಷ್ಟು ಎಲ್ಲರಿಗೂ ಗೊತ್ತು. ಆದರೆ ಇದೇ ಕಾದಂಬರಿಯಲ್ಲಿ ಇನ್ನೊಂದು ಕಾದಂಬರಿ ಅಡಗಿದೆ. ಪೇಟೆಯ ವರ್ತಕರು ಸುತ್ತಲಿನ ಸ್ಕಾಂಡಿನೇವಿಯ ಮತ್ತು ಜರ್ಮನಿ ಮೂಲದ ರೈತರಿಂದ ಬದುಕುತ್ತಾರೆ, ಅವರನ್ನು ತುಚ್ಛವಾಗಿಯೂ ಕಾಣುತ್ತಾರೆ ಎಂಬುದನ್ನು ಲೂಯಿಸ್ ಮರೆಮಾಚುವುದಿಲ್ಲ. ಕೆನ್ನಿಕಾಟ್ ವೈದ್ಯವೃತ್ತಿಯ ಜೊತೆಗೆ ಭೂಮಿಯ ವ್ಯಾಪಾರವನ್ನೂ ಮಾಡುತ್ತಾನೆ. ರೈತರ ನಾನ್‌ಪಾರ್ಟಿಸಾನ್ ಲೀಗಿನ ಸಂಘಟಕನೊಬ್ಬನನ್ನು ಆ ಜಿಲ್ಲೆಯ ವರ್ತಕರ ಗುಂಪು, ಷೆರಿಫನ ಮುಂದಾಳುತನದಲ್ಲಿಯೇ, ಹೊಡೆದೋಡಿಸಿದ ಪ್ರಸಂಗ ಬರುತ್ತದೆ. ಗಂಡ ಅದನ್ನು ಸಮರ್ಥಿಸುತ್ತಾನೆ, ಹೆಂಡತಿ ಕೆರಳುತ್ತಾಳೆ. ಈ ಲೀಗ್ ಕಲ್ಪನೆಯದಲ್ಲ. 1915ರಲ್ಲಿ ಉತ್ತರ ಡಕೋಟದಲ್ಲಿ ಹುಟ್ಟಿ, ರಾಜ್ಯದ ಅಧಿಕಾರವನ್ನು ಹಿಡಿದು, 1919ರಲ್ಲಿ ರಾಜ್ಯದ ಒಡೆತನದ ಬ್ಯಾಂಕೊಂದನ್ನು ಸ್ಥಾಪಿಸಿದ ಸಂಘಟನೆ ಅದು. ಆ ಬ್ಯಾಂಕು ಇಂದಿಗೂ ನಡೆಯುತ್ತಿದೆ. ಅನ್ಯರ ಬಡ್ಡಿಗೆ ರೈತರು ಕೊಟ್ಟ ಉತ್ತರಗಳಲ್ಲಿ ಇಷ್ಟು ಬಾಳಿಕೆ ಬಂದುದು ಇನ್ನೊಂದಿಲ್ಲವೆನ್ನಬೇಕು. ಕಾದಂಬರಿಗಳಲ್ಲಿ ಮಾತ್ರ ಅದಕ್ಕೆ ದೊರೆತ ಸ್ಥಳ ಅತ್ಯಲ್ಪ.

ಲೂಯಿಸರಿಗೆ ಈ ಲೆಕ್ಕ ತಿಳಿದಿತ್ತು. ಆದರೂ ಅವರು ಕಥೆಯ ಕಣ್ಣನ್ನು ಕ್ಯಾರಲಳಿಗೆ ಕೊಟ್ಟರು. ಅವಳಿಗೆ ರೈತನ ಅಡಮಾನ ಪತ್ರಕ್ಕಿಂತ ಅಂಗಡಿಯ ಮುಂಭಾಗ ಬೇಗ ಕಾಣುತ್ತದೆ. ನಗರದ ವಾಚಕರು ಆ ಕಣ್ಣನ್ನು ತಮ್ಮದಾಗಿಸಿಕೊಂಡರು. ಕ್ಯಾರಲಳ ಮೇಲೆಯೂ ಲೂಯಿಸರಿಗೆ ವ್ಯಂಗ್ಯವಿದೆಯೆಂಬುದು, ಅವಳು ವಾಷಿಂಗ್ಟನ್ನಿಗೆ ಹೋಗಿ ಕೊನೆಗೆ ಅದೇ ಊರಿಗೆ ಮರಳುತ್ತಾಳೆಂಬುದು ಅವರ ನೆನಪಿನಲ್ಲಿ ನಿಲ್ಲಲಿಲ್ಲ. ಪೇಟೆ ರೈತನಿಗೆ ಮಾಡಿದ ಅನ್ಯಾಯದ ಕಥೆ ಹೀಗೆ ಪೇಟೆ ಒಬ್ಬ ಸುಶಿಕ್ಷಿತೆಗೆ ತಂದ ಬೇಸರದ ಕಥೆಯಾಗಿ ಉಳಿಯಿತು.

ವಿಲ ಕ್ಯಾಥರ್ ಲೂಯಿಸರಂತೆ ಹಂಗಿಸುವವರಲ್ಲ. 1918ರ ‘ಮೈ ಆಂಟೊನಿಯ’ ಆ ಬಯಲಿನ ಮೇಲೆ ಬರೆದ ಅತ್ಯಂತ ಸುಂದರವಾದ ಪುಸ್ತಕವೆಂಬುದರಲ್ಲಿ ವಿವಾದವಿಲ್ಲ. ಬೊಹೀಮಿಯದಿಂದ ಬಂದ ಷಿಮೆರ್ಡ ಕುಟುಂಬ, ಪರದೇಶದ ಚಳಿ ಮತ್ತು ಏಕಾಂತವನ್ನು ತಾಳಲಾರದೆ ಜೀವ ಕಳೆದುಕೊಳ್ಳುವ ತಂದೆ, ಗಂಡಸಿನಂತೆ ನೇಗಿಲು ಹಿಡಿದು ಬಾಳನ್ನು ಗೆಲ್ಲುವ ಮಗಳು ಆಂಟೊನಿಯ: ಈ ಚಿತ್ರಗಳು ಮಾಸುವಂಥವಲ್ಲ. ಆದರೆ ಕಥೆ ಹೇಳುವವನು ಯಾರು? ಅವಳ ಬಾಲ್ಯದ ಗೆಳೆಯ ಜಿಮ್ ಬರ್ಡನ್. ಈಗ ನ್ಯೂಯಾರ್ಕಿನಲ್ಲಿ ನೆಲಸಿರುವ ರೈಲ್ವೆ ಕಂಪನಿಯ ವಕೀಲ. ಸಾಗಣೆಯ ದರದಿಂದ ರೈತರನ್ನು ಹಿಂಡಿತೆಂದು ಆ ಕಾಲದ ಪಾಪ್ಯುಲಿಸ್ಟರು ಬೈದ ಸಂಸ್ಥೆಗಳ ಸಂಬಳ ತಿನ್ನುವವನು ರೈತಳ ಮಹಾಕಾವ್ಯವನ್ನು ಬರೆಯುತ್ತಾನೆ. ಕ್ಯಾಥರ್ ಇದನ್ನು ಅರಿಯದೆ ಮಾಡಿದವರಲ್ಲ. ಆದರೆ ಜಿಮ್ಮನ ನೆನಪಿನ ಬೆಳಕು ಎಷ್ಟು ಹಿತವಾಗಿದೆಯೆಂದರೆ, ಅವನು ಯಾವ ಕುರ್ಚಿಯಲ್ಲಿ ಕುಳಿತು ನೆನೆಯುತ್ತಿದ್ದಾನೆಂದು ಕೇಳುವುದನ್ನು ಹೆಚ್ಚಿನ ವಾಚಕರು ಮರೆಯುತ್ತಾರೆ.

ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯನ್ನು ಇದರ ಪಕ್ಕದಲ್ಲಿಟ್ಟರೆ ವ್ಯತ್ಯಾಸ ತಟ್ಟನೆ ಹೊಳೆಯುತ್ತದೆ. ಅಲ್ಲಿಯೂ ಸಾಲವಿದೆ, ಮಗನ ದುರ್ವ್ಯಯದಿಂದ ಕರಗಿದ ಆಸ್ತಿಯಿದೆ, ನಗರಕ್ಕೆ ಹೋದ ಮೊಮ್ಮಗನಿದ್ದಾನೆ. ಆದರೆ ರಾಮ ಕಡಲತಡಿಯ ಮಣ್ಣಿಗೆ ಮರಳಿ ಬಂದು ಅಲ್ಲಿ ಬಾಳಲು ನಿಲ್ಲುತ್ತಾನೆ. ಜಿಮ್ ಬರ್ಡನ್ ಬರುವುದು ನೋಡಿಹೋಗಲು. ಆಂಡರ್ಸನ್ನರ ‘ವೈನ್ಸ್‌ಬರ್ಗ್, ಒಹಾಯೊ’ (1919) ಮುಗಿಯುವುದೂ ತರುಣ ಜಾರ್ಜ್ ವಿಲರ್ಡ್ ರೈಲು ಹತ್ತುವುದರೊಂದಿಗೆ. ಅಮೆರಿಕದ ಗ್ರಾಮಾಂತರ ಕಥನದಲ್ಲಿ ರೈಲು ಒಂದೇ ದಿಕ್ಕಿಗೆ ಓಡುತ್ತದೆ.

ಕ್ಯಾಥರರ ಇನ್ನೊಂದು ಕಾದಂಬರಿ ‘ಎ ಲಾಸ್ಟ್ ಲೇಡಿ’ (1923) ಕಿರಿದಾದರೂ ಈ ವಿಷಯಕ್ಕೆ ಹತ್ತಿರವಾದುದು. ಕ್ಯಾಪ್ಟನ್ ಫಾರೆಸ್ಟರ್ ಸಂಬಂಧವಿಟ್ಟುಕೊಂಡಿದ್ದ ಡೆನ್ವರಿನ ಬ್ಯಾಂಕೊಂದು ಮುಳುಗುತ್ತದೆ. ಇತರ ನಿರ್ದೇಶಕರು ಠೇವಣಿದಾರರಿಗೆ ಪೂರ್ತಿ ಹಣ ಕೊಡಲು ಒಪ್ಪುವುದಿಲ್ಲ. ಠೇವಣಿಯಿಟ್ಟವರಲ್ಲಿ ತನ್ನ ಕೈಕೆಳಗೆ ದುಡಿದ ಕೂಲಿಕಾರರಿದ್ದಾರೆಂದು ಕ್ಯಾಪ್ಟನ್ ತನ್ನ ಆಸ್ತಿಯನ್ನೆಲ್ಲ ಸುರಿದು ಪೂರ್ತಿ ತೀರಿಸುತ್ತಾನೆ, ಬಡವನಾಗುತ್ತಾನೆ. ಠೇವಣಿಗಳಿಗೆ ಸರ್ಕಾರದ ವಿಮೆ ಬಂದುದು 1933ರ ಶಾಸನದಿಂದ. ಅದಕ್ಕೆ ಮೊದಲು ಬ್ಯಾಂಕಿನ ಮೇಲಿನ ನಂಬಿಕೆ ಒಬ್ಬ ಮನುಷ್ಯನ ಮಾತಿನ ಮೇಲೆ ನಿಂತಿತ್ತೆಂಬುದನ್ನು ಈ ಪ್ರಸಂಗ ತೋರಿಸುವಷ್ಟು ಚೆನ್ನಾಗಿ ಹಣಕಾಸಿನ ಚರಿತ್ರೆಗಳೂ ತೋರಿಸಿಲ್ಲ.

1939ರ ‘ದ ಗ್ರೇಪ್ಸ್ ಆಫ್ ರಾಥ್’ ಬರುವ ವೇಳೆಗೆ ಆ ಮನುಷ್ಯನೂ ಇಲ್ಲ, ಬಟ್ಲರನೂ ಇಲ್ಲ. ಓಕ್ಲಹೋಮದ ಗೇಣಿದಾರನ ಮನೆಯನ್ನು ಟ್ರ್ಯಾಕ್ಟರು ಕೆಡವಲು ಬಂದಾಗ, ಯಾರ ಮೇಲೆ ಗುಂಡು ಹಾರಿಸಲಿ ಎಂದು ಅವನು ಕೇಳುತ್ತಾನೆ. ಆಜ್ಞೆ ಬ್ಯಾಂಕಿನಿಂದ, ಆ ಬ್ಯಾಂಕಿಗೆ ಪೂರ್ವದಿಂದ, ಹೀಗೆ ಹಗ್ಗ ಉದ್ದವಾಗುತ್ತ ಹೋಗುತ್ತದೆಯೇ ಹೊರತು ಅದರ ತುದಿ ಸಿಗುವುದಿಲ್ಲ. ಬ್ಯಾಂಕನ್ನು ಉಸಿರಾಡುವ ಪಿಶಾಚಿಯಂತೆ ಸ್ಟೈನ್‌ಬೆಕ್ ಚಿತ್ರಿಸಿದ್ದು ಅಲಂಕಾರವಾಗಿ ಭವ್ಯವೇ ಸರಿ. ಆದರೆ ಪಿಶಾಚಿಯಿಂದ ಲೆಕ್ಕ ಕೇಳಲು ಬರುವುದಿಲ್ಲ. ಲೇಣಿದಾರನ ಮುಖ ಅಳಿಸಿಹೋದಾಗ ರೈತನ ಸಿಟ್ಟಿಗೆ ಗುರಿ ತಪ್ಪುತ್ತದೆ. ಗುರಿ ತಪ್ಪಿದ ಆ ಸಿಟ್ಟು ಮುಂದಿನ ದಶಕಗಳಲ್ಲಿ ಪಂಡಿತರ ಮೇಲೆ, ಪತ್ರಿಕೆಗಳ ಮೇಲೆ, ವಲಸೆಗಾರರ ಮೇಲೆ, ರಾಜಧಾನಿಯ ನೌಕರರ ಮೇಲೆ ಹೋಗಿ ಬಿದ್ದುದನ್ನು ಇಲ್ಲಿಂದಲೇ ಊಹಿಸಬಹುದು.

ನಗರಕ್ಕೆ ಕಥೆ ಹೇಳುವ ಅಧಿಕಾರ ಹೀಗೆ ಸಂದಿತು. ಮತದ ಅಧಿಕಾರ ಅಷ್ಟು ಸುಲಭವಾಗಿ ಸಲ್ಲಲಿಲ್ಲ. 1920ರ ಗಣತಿಯ ಆಧಾರದ ಮೇಲೆ ಪ್ರತಿನಿಧಿ ಸಭೆಯ ಸ್ಥಾನಗಳನ್ನು ಮರುಹಂಚಲು ಕಾಂಗ್ರೆಸ್ಸು ಒಪ್ಪಲೇ ಇಲ್ಲ. 1929ರಲ್ಲಿ ಶಾಸನ ಮಾಡಿ ಮುಂದಿನ ಗಣತಿಗೆ ಕಾಯಿತು. ಸೆನೆಟ್ಟಿನಲ್ಲಿ ಪ್ರತಿ ರಾಜ್ಯಕ್ಕೂ ಇಬ್ಬರೇ ಸದಸ್ಯರು. 2020ರ ಗಣತಿಯಲ್ಲಿ ಕ್ಯಾಲಿಫೋರ್ನಿಯದ ಜನಸಂಖ್ಯೆ ಸುಮಾರು 3 ಕೋಟಿ 95 ಲಕ್ಷ, ವಯೋಮಿಂಗಿನದು 5 ಲಕ್ಷ 77 ಸಾವಿರ. ಸೆನೆಟ್ಟಿನಲ್ಲಿ ಎರಡೂ ಸಮ. 2016ರಲ್ಲಿ ಟ್ರಂಪರಿಗೆ ಬಿದ್ದ ಮತಗಳು ಹಿಲರಿ ಕ್ಲಿಂಟನ್ನರಿಗಿಂತ ಸುಮಾರು 29 ಲಕ್ಷ ಕಡಮೆ. ಆದರೂ ರಾಜ್ಯವಾರು ಲೆಕ್ಕದಲ್ಲಿ ಗೆದ್ದರು. (2024ರಲ್ಲಿ ಒಟ್ಟು ಮತಗಳಲ್ಲಿಯೂ ಅವರೇ ಮುಂದಿದ್ದರು.) ಹೀಗಾಗಿ ಎರಡು ಕಡೆಯವರಿಗೂ ತಾವು ಆಳಲ್ಪಡುತ್ತಿದ್ದೇವೆಂಬ ಭಾವನೆ ಇರುವುದು ಆಶ್ಚರ್ಯವಲ್ಲ. ನಗರದವನು ಮತಪೆಟ್ಟಿಗೆಯನ್ನು ತೋರಿಸುತ್ತಾನೆ, ಗ್ರಾಮಾಂತರದವನು ಪುಸ್ತಕ, ಪತ್ರಿಕೆ, ಚಲಚ್ಚಿತ್ರಗಳನ್ನು ತೋರಿಸುತ್ತಾನೆ; ಇಬ್ಬರ ಮಾತೂ ಸುಳ್ಳಲ್ಲ.

ಮುಚ್ಚಿದ ಲೆಕ್ಕದ ಪುಸ್ತಕವನ್ನು ಮತ್ತೆ ತೆರೆದವರು ಜೇನ್ ಸ್ಮೈಲಿ. ಅವರ ‘ಎ ಥೌಸಂಡ್ ಏಕರ್ಸ್’ (1991) ಷೇಕ್ಸ್‌ಪಿಯರನ ‘ಕಿಂಗ್ ಲಿಯರ್’ ನಾಟಕವನ್ನು ಅಯೋವದ ಜೋಳದ ಹೊಲಕ್ಕೆ ತಂದ ಕೃತಿಯೆಂದು ಪ್ರಸಿದ್ಧವಾಗಿದೆ. ಮೂರು ಹೆಣ್ಣುಮಕ್ಕಳಿಗೆ ಸಾವಿರ ಎಕರೆಯನ್ನು ಹಂಚುವ ಮುದುಕ ಲ್ಯಾರಿ ಕುಕ್ ಇಲ್ಲಿಯ ಲಿಯರ್. ಆದರೆ ಆ ಹೋಲಿಕೆಗಿಂತ ಮುಖ್ಯವಾದುದು ಕಥೆ ನಡೆಯುವ ವರ್ಷ: 1979. ಆ ದಶಕದಲ್ಲಿ ಕೃಷಿಮಂತ್ರಿ ಅರ್ಲ್ ಬಟ್ಸ್ ಹಿಡುವಳಿಗಳನ್ನು ಹಿರಿದಾಗಿಸಲು ರೈತರನ್ನು ಹುರಿದುಂಬಿಸಿದ್ದರು. ಭೂಮಿಯ ಬೆಲೆ ಏರುತ್ತಲೇ ಇತ್ತು. ಬ್ಯಾಂಕುಗಳು ಏರಿದ ಬೆಲೆಯ ಆಧಾರದ ಮೇಲೆ ಸಾಲ ಸುರಿದವು. ಫಸಲಿನ ಮೇಲೆ ಸಾಲ ಕೊಡುವುದು ಬೇರೆ, ಹೊಲದ ಮಾರುಕಟ್ಟೆ ಬೆಲೆಯ ಮೇಲೆ ಕೊಡುವುದು ಬೇರೆ. ಮೊದಲನೆಯದು ಬೆಳೆಯಿಂದ ತೀರುತ್ತದೆ, ಎರಡನೆಯದು ಹೊಲ ಮಾರಿದರೆ ಮಾತ್ರ ತೀರುತ್ತದೆ. ಹಣದುಬ್ಬರವನ್ನು ತಡೆಯಲು ಫೆಡರಲ್ ರಿಸರ್ವ್ 1979ರ ಅಕ್ಟೋಬರಿನಲ್ಲಿ ಲಗಾಮನ್ನು ಬಿಗಿಮಾಡಿದ ಮೇಲೆ, 1980-81ರಲ್ಲಿ ಉತ್ತಮ ಸಾಲಗಾರರಿಗೂ ಬಡ್ಡಿ ನೂರಕ್ಕೆ 20ನ್ನು ದಾಟಿತು. 1981ರಲ್ಲಿ ಶಿಖರ ಮುಟ್ಟಿದ್ದ ಅಯೋವದ ಭೂಮಿಯ ಬೆಲೆ 1986ರೊಳಗೆ ಅರ್ಧಕ್ಕಿಂತ ಕೆಳಗಿಳಿಯಿತು.

ಲ್ಯಾರಿ ಕುಕ್ಕನ ಹೆಮ್ಮೆಯೆಲ್ಲ ತನ್ನ ಸಾವಿರ ಎಕರೆಯ ಮೇಲೆ ಒಂದು ಕಾಸಿನ ಸಾಲವೂ ಇಲ್ಲವೆಂಬುದರಲ್ಲಿದೆ. ಆ ಎಕರೆಗಳು ಬಂದುದು ಹೇಗೆ? ಸಾಲದಲ್ಲಿ ಮುಳುಗಿದ ನೆರೆಯವರ ಹೊಲಗಳನ್ನು ಕೊಂಡುಕೊಂಡು. ಅಳಿಯಂದಿರು ಹಂದಿಸಾಕಣೆಯ ಕಟ್ಟಡಗಳಿಗೆಂದು ಸಾಲ ಮಾಡುತ್ತಾರೆ. ಇಲ್ಲಿಯ ಬ್ಯಾಂಕರು ಮಾರ್ವ್ ಕಾರ್ಸನ್ ಸಿಂಹವೂ ಅಲ್ಲ, ಪಿಶಾಚಿಯೂ ಅಲ್ಲ. ತನ್ನ ಆರೋಗ್ಯದ ಗೀಳಿನಲ್ಲಿ ನೀರು ಕುಡಿಯುತ್ತ, ಸಾಲ ಮಾಡಿರೆಂದು ನಗುನಗುತ್ತ ಬುದ್ಧಿಹೇಳುವ ಪರಿಚಯಸ್ಥ. ಲೇಣಿದಾರನಿಗೆ ಮತ್ತೆ ಮುಖ ಬಂದಿದೆ. ಅದು ಸ್ನೇಹಿತನ ಮುಖವಾಗಿರುವುದೇ ಭಯಂಕರ. ಸ್ಮೈಲಿ ರೈತನನ್ನೂ ಬಿಡುವುದಿಲ್ಲ. ಭೂಮಿಯ ಒಡೆತನದ ಹಟವೇ ಮನೆಯೊಳಗಿನ ದೌರ್ಜನ್ಯವನ್ನು ಮುಚ್ಚಿಡುತ್ತದೆ. ಬೆಳೆಗೆ ಸುರಿದ ವಿಷ ಬಾವಿಯ ನೀರಿಗಿಳಿದು ಹಿರಿಯ ಮಗಳು ಜಿನ್ನಿಯ ಬಸಿರುಗಳನ್ನು ಕೆಡಿಸುತ್ತದೆ. ಹಳ್ಳಿಯನ್ನು ಬಣ್ಣಿಸಿ ಮೆಚ್ಚಿಸುವುದೂ ಇಲ್ಲ, ಹಂಗಿಸಿ ನಗಿಸುವುದೂ ಇಲ್ಲ. ಕಥೆಯ ಕೊನೆಗೆ ಹೊಲ ಹೋಗಿ, ಜಿನ್ನಿ ಸೇಂಟ್ ಪಾಲ್ ನಗರದಲ್ಲಿ ಹೋಟೆಲಿನ ಪರಿಚಾರಿಕೆಯಾಗಿದ್ದಾಳೆ. ನಗರಕ್ಕೆ ಹೋದುದು ಇಲ್ಲಿ ಬಿಡುಗಡೆಯ ರೈಲಲ್ಲ, ದಿವಾಳಿಯ ಪರಿಣಾಮ.

ಕೆಂಟಕಿಯ ವೆಂಡೆಲ್ ಬೆರಿ ನ್ಯೂಯಾರ್ಕಿನ ಅಧ್ಯಾಪಕತ್ವವನ್ನು ಬಿಟ್ಟು 1960ರ ದಶಕದಲ್ಲಿ ತಮ್ಮ ಜಿಲ್ಲೆಗೆ ಮರಳಿ ಬೇಸಾಯ ಹಿಡಿದವರು. ಆ ರೈಲಿನಿಂದ ಇಳಿದು ಬಂದ ವಿರಳ ಲೇಖಕರು. ಅವರ ‘ಜೇಬರ್ ಕ್ರೋ’ (2000) ಕಾದಂಬರಿಯಲ್ಲಿ ಮಾವ ಆಥಿ ಕೀತ್ ಆಪತ್ತಿಗೆಂದು ಕಾಪಾಡಿಕೊಂಡು ಬಂದ ಕಾಡನ್ನು, ಸಾಲದಲ್ಲಿ ಮುಳುಗಿದ ಅಳಿಯ ಟ್ರಾಯ್ ಕಡಿಸಿಹಾಕುತ್ತಾನೆ. ಪ್ರಸಂಗ ಮನಸ್ಸನ್ನು ಕಲಕುತ್ತದೆ. ಆದರೆ ಬೆರಿಯವರಲ್ಲಿ ಸಾಲ ಮಾಡುವವನು ಹೆಚ್ಚು ಕಡಮೆ ಮೂರ್ಖನಾಗಿಯೇ ಕಾಣುತ್ತಾನೆ. ಬೇರೆ ದಾರಿಯಿಲ್ಲದೆ ಸಾಲ ಮಾಡಿದವನ ಕಥೆಗೆ ಅವರ ಲೋಕದಲ್ಲಿ ಎಡೆ ಕಡಮೆ. ಲೆಕ್ಕ ಅಲ್ಲಿ ಉಪದೇಶವಾಗಿಬಿಡುತ್ತದೆ.

ಇಷ್ಟನ್ನು ಓದಿದ ಮೇಲೆ ವ್ಯಾನ್ಸರ ಪುಸ್ತಕಕ್ಕೆ ಬಂದರೆ ಒಂದು ವಿಚಿತ್ರ ಗೋಚರಿಸುತ್ತದೆ. ಗ್ರಾಮಾಂತರ ಅಮೆರಿಕದ ಕೀಲಿಕೈಯೆಂದು ನಗರ ಕೊಂಡ ಈ ಪುಸ್ತಕದ ಮುಖ್ಯ ರಂಗಸ್ಥಳ ಒಹಾಯೊದ ಮಿಡ್ಲ್‌ಟೌನ್ ಎಂಬ ಉಕ್ಕಿನ ಕಾರ್ಖಾನೆಯ ಪಟ್ಟಣ. ಕೆಂಟಕಿಯ ಗುಡ್ಡಗಳು ಅಜ್ಜಿಯ ನೆನಪಿನಲ್ಲಿಯೂ ಬೇಸಗೆಯ ರಜೆಯಲ್ಲಿಯೂ ಮಾತ್ರ. ಬಡತನಕ್ಕೆ ಅವರು ಕೊಡುವ ಕಾರಣಗಳು ಬಹುಮಟ್ಟಿಗೆ ಶೀಲಕ್ಕೆ ಸಂಬಂಧಿಸಿದವು: ಸೋಮಾರಿತನ, ಒಡೆದ ಸಂಸಾರ, ದುಂದು. ಸಾಲದ ವಿಷಯ ಬಂದಾಗಲೂ, ಸಂಬಳದ ದಿನದವರೆಗೆ ದುಬಾರಿ ಬಡ್ಡಿಗೆ ಕೊಡುವ ಕೈಸಾಲದ ಅಂಗಡಿಗಳನ್ನು ನಿರ್ಬಂಧಿಸುವ ಮಸೂದೆಯನ್ನು ಅವರು ಮೆಚ್ಚುವುದಿಲ್ಲ. ಅಂಥ ಒಂದು ಕೈಸಾಲ ತಮ್ಮನ್ನು ಬ್ಯಾಂಕಿನ ದಂಡದಿಂದ ಪಾರುಮಾಡಿತೆನ್ನುತ್ತಾರೆ. ಮಾತು ಸತ್ಯವಿರಬಹುದು. ಬಡವನ ಮುಂದೆ ದಂಡ ಅಥವಾ ದುಬಾರಿ ಬಡ್ಡಿ ಎಂಬ ಎರಡೇ ಬಾಗಿಲುಗಳು ಏಕಿವೆ ಎಂಬ ಪ್ರಶ್ನೆಯನ್ನು ಗಾರ್ಲಂಡ್ ಕೇಳುತ್ತಿದ್ದರು; ಈ ಪುಸ್ತಕ ಕೇಳುವುದಿಲ್ಲ. ಅಭಿರುಚಿಯ ದೋಷವೆಂದು ಲೂಯಿಸರ ವಾಚಕರು ಕಂಡುದನ್ನು ಇಲ್ಲಿ ಶೀಲದ ದೋಷವೆಂದು, ಹಳ್ಳಿಯ ಮೂಲದವನ ಬಾಯಲ್ಲಿಯೇ, ಕೇಳಿ ನಗರಕ್ಕೆ ಸಮಾಧಾನವಾದುದು ಸಹಜ.

ಅದೇ 2016ರಲ್ಲಿ ಹೊರಬಂದ ಇನ್ನೊಂದು ಪುಸ್ತಕಕ್ಕೆ ಅಷ್ಟು ಪ್ರಚಾರ ದೊರೆಯಲಿಲ್ಲ. ಕ್ಯಾಥರೀನ್ ಕ್ರೇಮರ್ ಎಂಬ ರಾಜ್ಯಶಾಸ್ತ್ರಜ್ಞೆ 2007ರಿಂದ ವಿಸ್ಕಾನ್ಸಿನ್ನಿನ ಸಣ್ಣ ಊರುಗಳ ಪೆಟ್ರೋಲ್ ಬಂಕು, ಕಾಫಿ ಅಂಗಡಿಗಳಲ್ಲಿ ಬೆಳಗಿನ ಹೊತ್ತು ಸೇರುವ ಹರಟೆಯ ಗುಂಪುಗಳ ಜೊತೆ ಕುಳಿತು ಅವರ ಮಾತನ್ನು ಕೇಳಿ ‘ದ ಪಾಲಿಟಿಕ್ಸ್ ಆಫ್ ರಿಸೆಂಟ್‌ಮೆಂಟ್’ ಬರೆದರು. ತೆರಿಗೆ ರಾಜಧಾನಿ ಮ್ಯಾಡಿಸನ್ನಿಗೆ ಹೋಗುತ್ತದೆ, ಹಿಂದಿರುಗುವುದಿಲ್ಲ. ತೀರ್ಮಾನ ಅಲ್ಲಿ ಆಗುತ್ತದೆ, ನಮ್ಮನ್ನು ಕೇಳುವುದಿಲ್ಲ. ನಮ್ಮ ದುಡಿಮೆಗೆ ಅವರಲ್ಲಿ ಗೌರವವಿಲ್ಲ: ಈ ಮೂರು ದೂರುಗಳು ಅಲ್ಲಿ ಒಂದೇ ಉಸಿರಿನಲ್ಲಿ ಬರುತ್ತವೆ. ಮೊದಲನೆಯ ದೂರನ್ನು ಸರ್ಕಾರದ ಅಂಕಿಗಳು ಪೂರ್ತಿಯಾಗಿ ಸಮರ್ಥಿಸುವುದಿಲ್ಲವೆಂಬುದನ್ನು ಕ್ರೇಮರ್ ಮರೆಮಾಚಿಲ್ಲ. ಹಿಂದೆ, 2004ರಲ್ಲಿ, ಥಾಮಸ್ ಫ್ರ್ಯಾಂಕ್ ತಾವು ಬೆಳೆದ ಕ್ಯಾನ್ಸಸ್ಸನ್ನು ಕುರಿತು, ಅಲ್ಲಿಯ ಜನ ಧರ್ಮದ ಮಾತಿಗೆ ಮರುಳಾಗಿ ತಮ್ಮ ಜೇಬಿಗೆ ವಿರುದ್ಧವಾಗಿ ಮತ ಹಾಕುತ್ತಾರೆಂದು ವಾದಿಸಿದ್ದರು. ಜೇಬು ಬೇರೆ, ಮಾನ ಬೇರೆ ಎಂದು ತಿಳಿದಾಗ ಮಾತ್ರ ಆ ವಾದ ನಿಲ್ಲುತ್ತದೆ. ಕ್ರೇಮರ್ ಕೇಳಿಸಿಕೊಂಡುದು ಗ್ರಾಂಟ್ ಮೆಕ್ಲೇನನ ದನಿಯನ್ನು. ಅದೇ ವಿಸ್ಕಾನ್ಸಿನ್ನಿನಲ್ಲಿ, ನೂರಿಪ್ಪತ್ತು ವರ್ಷಗಳ ಮೇಲೆ.

ಕಥನಸಾಹಿತ್ಯದಲ್ಲಿ ಆ ದನಿ ಬಾರ್ಬರ ಕಿಂಗ್ಸಾಲ್ವರರ ‘ಡೀಮನ್ ಕಾಪರ್‌ಹೆಡ್’ (2022) ಕಾದಂಬರಿಯಲ್ಲಿ ಮತ್ತೆ ಕೇಳಿಬಂದಿದೆ. ಡಿಕನ್ಸನ ‘ಡೇವಿಡ್ ಕಾಪರ್‌ಫೀಲ್ಡ್’ ಕಥೆಯನ್ನು ವರ್ಜೀನಿಯದ ಲೀ ಜಿಲ್ಲೆಗೆ ತಂದಿರುವ ಈ ಕೃತಿಯಲ್ಲಿ ಅನಾಥ ಹುಡುಗನೊಬ್ಬ ತನ್ನ ಕಥೆಯನ್ನು ತಾನೇ ಹೇಳುತ್ತಾನೆ. ಕಲ್ಲಿದ್ದಲು ಮುಗಿದಿದೆ, ಹೊಗೆಸೊಪ್ಪಿನ ಬೇಸಾಯ ಕುಸಿಯುತ್ತಿದೆ, ನೋವುನಿವಾರಕದ ಗುಳಿಗೆ ಮನೆಮನೆಗೆ ಚಟವಾಗಿ ಹೊಕ್ಕಿದೆ. ತನ್ನ ಜನರನ್ನು ದೇಶವೆಲ್ಲ ಏಕೆ ನಗುತ್ತದೆಂದು ಯೋಚಿಸುತ್ತ ಡೀಮನ್ ಒಂದು ವಿಚಾರಕ್ಕೆ ಬರುತ್ತಾನೆ: ನೆಲವನ್ನು ನಂಬಿದವರು, ಹಣವನ್ನು ನಂಬಿದವರು ಎಂದು ಜನ ಎರಡು ಬಗೆ, ಬೆಳೆದು ತಿಂದು, ನೆರೆಯವರೊಂದಿಗೆ ಕೊಡುಕೊಳ್ಳುವಿಕೆಯಲ್ಲಿ ಬಾಳುವವನು ತೆರಿಗೆಯ ಲೆಕ್ಕಕ್ಕೆ ಸಿಗುವುದಿಲ್ಲ, ಲೆಕ್ಕಕ್ಕೆ ಸಿಗದವನನ್ನು ಹಣದವರು ಗೇಲಿಮಾಡುತ್ತಾರೆ. ಹದಿಹರೆಯದವನ ಬಾಯಿಗೆ ಈ ಮಾತು ತುಸು ದೊಡ್ಡದೆಂಬ ಆಕ್ಷೇಪ ನಿಜ. ಲೇಖಕಿಯ ದನಿ ಅಲ್ಲಿ ಇಣುಕುತ್ತದೆ. ಆದರೂ ಗೇಲಿಗೂ ಲೆಕ್ಕಕ್ಕೂ ಇರುವ ನಂಟನ್ನು ಇಷ್ಟು ನೇರವಾಗಿ ಹಿಡಿದ ಕಾದಂಬರಿ ಗಾರ್ಲಂಡರಿಂದೀಚೆಗೆ ವಿರಳ. 2023ರಲ್ಲಿ ಪುಲಿಟ್ಸರ್ ಪಾರಿತೋಷಕವನ್ನು ಹಂಚಿಕೊಂಡ ಈ ಪುಸ್ತಕವನ್ನು ನಗರ ಅಕ್ಕರೆಯಿಂದ ಓದಿದೆ. ಡೀಮನ್ ಕೂಡ ಚಟದಿಂದ ಪಾರಾಗಲು ಲೀ ಜಿಲ್ಲೆಯನ್ನು ಬಿಟ್ಟು ನಾಕ್ಸ್‌ವಿಲ್ ನಗರದಲ್ಲಿ ಕೆಲಕಾಲ ಇರಬೇಕಾಗುತ್ತದೆ. ತನ್ನ ಜನರ ಚರಿತ್ರೆಯನ್ನು ಚಿತ್ರಕಥೆಯಾಗಿ ಬರೆಯಲು ತೊಡಗುವುದು ಊರಿನಿಂದ ದೂರವಿರುವಾಗಲೇ.